ಮೈಲಿಗೆ ಇರುವುದು ಬಟ್ಟೆಯಲ್ಲಿ

ನನ್ನ ಸಂಶೋಧನೆ ಏನೆಂದು ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಉತ್ತರ ಹೇಳಿಬಿಡುತ್ತಿದ್ದಳು: "ಎಂತ ಇಲ್ಲೆ, ಒಗ್ದ್ ಬಟ್ಟಿಯಗ್ ಹುಳ ಹುಡ್ಕುದ್." ಕೇಳಿದವರು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅಮ್ಮನ ಮಾತಿನಲ್ಲಿ ತಪ್ಪು ತೆಗೆಯಲು ಏನೂ ಇರಲಿಲ್ಲ. ಬ್ರಹ್ಮಾವರದ ಕಡೆಯ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುವ ನಾನು ವರ್ಷಗಳಿಂದ ಹುಡುಕುತ್ತಿದ್ದದ್ದು ಅವನ್ನೇ.

ಮಳೆಗಾಲದಲ್ಲಿ ಎಷ್ಟು ಒಗೆದರೂ ಬಟ್ಟೆಗೆ ಮುಗ್ಗುಲು ವಾಸನೆ ಬರುತ್ತದಲ್ಲ, ಅದು ಕೊಳೆಯ ವಾಸನೆಯಲ್ಲ. ಸಾಬೂನಿಗೂ ಜಗ್ಗದೆ ಎಳೆಗಳ ನಡುವೆ ಉಳಿದ ಬ್ಯಾಕ್ಟೀರಿಯಾಗಳು, ಒಣಗುವುದು ತಡವಾದಷ್ಟೂ ಹೆಚ್ಚಿಕೊಳ್ಳುತ್ತವೆ, ವಾಸನೆ ಅವುಗಳದು. ಅಮ್ಮನ ಹಳೆಯ ಹತ್ತಿ ಸೀರೆಗಳನ್ನು ಅಂಗೈಯಗಲಕ್ಕೆ ಕತ್ತರಿಸಿ, ಒಂದೇ ಸಾಬೂನಿನಲ್ಲಿ ಒಗೆದು, ಕೆಲವನ್ನು ಬಿಸಿಲಿಗೆ, ಕೆಲವನ್ನು ಜಗಲಿಯ ಹಗ್ಗಕ್ಕೆ, ಕೆಲವನ್ನು ಬಚ್ಚಲ ಒಲೆಯ ಮೇಲಿನ ಬಿದಿರಿಗೆ ಹಾಕುತ್ತಿದ್ದೆ. ಆಮೇಲೆ ಅಗರ್ ಎಂಬ ಲೋಳೆ ಹಾಕಿದ ಗಾಜಿನ ತಟ್ಟೆಗೆ ಒತ್ತಿ, ಬೆಚ್ಚಗಿಟ್ಟು, ಏನು ಬೆಳೆಯುತ್ತದೆಂದು ಕಾಯುವುದು. ಬಿಸಿಲು ಕಂಡ ತುಂಡಿನ ತಟ್ಟೆ ಹೆಚ್ಚುಕಡಿಮೆ ಖಾಲಿ. ಮನೆಯೊಳಗೆ ಒಣಗಿದ್ದರದ್ದು ಹಳಸಿದ ಅನ್ನಕ್ಕೆ ಬೂಸ್ಟು ಹಿಡಿದ ಹಾಗೆ. ಅಂಥದ್ದಕ್ಕೂ ಇಸ್ತ್ರಿಯ ಬಿಸಿ ತಾಗಿಸಿದರೆ ಮತ್ತೆ ಚೊಕ್ಕ. ಒಮ್ಮೆ ಫೋಟೋ ತೆಗೆದು ತಂದು ತೋರಿಸಿದೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಇದ್ ನನ್ ಸೀರಿಯಾ? ಛೀ, ಯಾರಿಗೂ ತೋರ್ಸ್ಬೇಡ ಮಾರಾಯ್ತಿ" ಎಂದಳು.

ಅವಳಿಗೆ ಅವಮಾನವಾಗಿತ್ತು. ಏಕೆಂದರೆ ಅಮ್ಮನದು ಗಟ್ಟಿ ಮಡಿ. ಮಡಿಸೀರೆ ಯಾರ ಕೈಗೂ ಎಟುಕದ ಹಾಗೆ ಮಾಡಿನ ಕೆಳಗಿನ ಬಿದಿರಿನ ಮೇಲೆ ಒಣಗುತ್ತಿತ್ತು. ಅದನ್ನು ಹರವುವುದೂ ಇಳಿಸುವುದೂ ಒಂದು ಉದ್ದ ಕೋಲಿನಿಂದ. ಅದನ್ನುಟ್ಟು ನೈವೇದ್ಯಕ್ಕೆ ಅಡುಗೆ ಮಾಡುವಾಗ ನಾವು ಮಕ್ಕಳು ಹತ್ತಿರ ಸುಳಿಯುವಂತಿಲ್ಲ. ನಾನೋ ಬೆಳಿಗ್ಗೆ ಏಳುವುದೇ ಅಮ್ಮ ಬೇಕು ಎಂದು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ರಾಗ ತೆಗೆಯುತ್ತಿದ್ದೆ. "ಮುಟ್ಬೇಡ, ಮಡಿಯಗಿದ್ದೆ" ಎನ್ನುತ್ತಿದ್ದಳು ಮೊದಲು. ಅಳು ಜೋರಾದರೆ ಸೋಲುತ್ತಿದ್ದಳು. "ಅಂಗಿ ತೆಗ್ದ್ ಬಾ ಮಗಾ. ಮೈಲ್ಗಿ ಇಪ್ಪುದ್ ಬಟ್ಟಿಯಗೆ, ನಿನ್ ಮೈಯಗಲ್ಲ." ಅದು ಮಡಿಯವರು ಸಣ್ಣ ಮಕ್ಕಳಿಗೆ ಕೊಟ್ಟ ರಿಯಾಯಿತಿ. ಅಂಗಿಯನ್ನು ಹೊಸ್ತಿಲಾಚೆ ಎಸೆದು ಓಡಿಹೋಗಿ ಮಡಿಲು ಸೇರುತ್ತಿದ್ದೆ. ಶಾಲೆಗೆ ಹೋಗತೊಡಗಿದ ಮೇಲೆ ನನಗೇ ನಾಚಿಕೆಯಾಯಿತು. ರಿಯಾಯಿತಿ ಅಲ್ಲಿಗೆ ಮುಗಿಯಿತು, ಬೆಳಗಿನ ಅಮ್ಮನೂ ಕೈತಪ್ಪಿದಳು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಕುಂಭಾಶಿಯ ಹತ್ತಿರದ ನನ್ನ ಮನೆಗೆ ಬಂದಳು. ನಾವಿಬ್ಬರೇ. ಹೋದ ವರ್ಷ ಅವಳ ರಕ್ತಕ್ಕೆ ಕಾಯಿಲೆ ಬಂತು. ಕೊಟ್ಟ ಔಷಧಿ ಕಾಯಿಲೆಯ ಜೊತೆಗೆ ಮೈಯ ಕಾವಲನ್ನೂ ಕೊಲ್ಲುವಂಥದ್ದು. ಸಣ್ಣ ಸೋಂಕೂ ತಾಗದಂತೆ ನೋಡಿಕೊಳ್ಳಿ, ಕೈ ತೊಳೆಯಿರಿ, ಒಗೆದ ಬಟ್ಟೆ ಹಾಕಿ ಎಂದಿದ್ದರು ಡಾಕ್ಟರು. ಅಷ್ಟೇ ಹೇಳಿದ್ದು. ಉಳಿದದ್ದೆಲ್ಲ ನಾನೇ ಸೇರಿಸಿಕೊಂಡೆ. ಒಗೆದ ಬಟ್ಟೆಯಲ್ಲಿ ಏನಿರುತ್ತದೆಂದು ಕಣ್ಣಾರೆ ಕಂಡವಳು ನಾನು, ಸುಮ್ಮನಿರುವುದು ಹೇಗೆ? ಹಾಸು, ಹೊದಿಕೆ, ದಿಂಬಿನ ಚೀಲ ಎಲ್ಲವನ್ನೂ ಕುದಿಸಿದೆ. ಎಲ್ಲದಕ್ಕೂ ಇಸ್ತ್ರಿ, ಹೊಲಿಗೆಯ ಒಳಮಗ್ಗುಲಿಗೂ ಇಸ್ತ್ರಿ. ಆಗಷ್ಟೇ ಇಸ್ತ್ರಿ ಹಾಕಿದ್ದನ್ನು ಉಡದೆ ಅವಳ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಒಳಗೆ ಹೋದರೂ ಕೆಲಸ ಮುಗಿಸಿ ಹೊರಗೆ. ಮಂಚದ ಮೇಲೆ ಕೂರುವಂತಿಲ್ಲ.

"ಈಗ ನನ್ಗಿಂತ ನಿನ್ ಮಡಿಯೇ ಜೋರಾಯ್ತ್ ಮಾರಾಯ್ತಿ" ಎಂದು ಅಮ್ಮ ನಗುತ್ತಿದ್ದಳು.

ತ್ರಾಸಿಯಿಂದ ಸೋದರಮಾವ, ಅವಳ ತಮ್ಮ, ನೋಡಲು ಬಂದರೆ ಅವರನ್ನೂ ಕಿಟಕಿಯ ಹೊರಗೇ ನಿಲ್ಲಿಸಿದೆ. "ಹ್ವಾಯ್ ಅಕ್ಕಾ, ಅಜ್ಜಿಗೆ ಅರಿವಿ ಚಿಂತಿ ಅಂಬ್ರ್. ಇಲ್ಲ್ ಕಂಡ್ರೆ ಮಗ್ಳಿಗೇ ಅರಿವಿ ಚಿಂತಿ!" ಎಂದು ಅವರು ಅಲ್ಲಿಂದಲೇ ಕೂಗಿದರು. ಅಮ್ಮ ಕೆಮ್ಮು ಬರುವವರೆಗೆ ನಕ್ಕಳು. ನಾನು ನಗಲಿಲ್ಲ.

ಆಷಾಢ ಹಿಡಿಯುವ ಹೊತ್ತಿಗೆ, ಔಷಧಿ ಹಿಡಿಯುತ್ತಿಲ್ಲ, ಇನ್ನು ನೋವಿಗೆ ಮಾತ್ರೆ ಕೊಡೋಣ, ಮನೆಯಲ್ಲೇ ಇರಲಿ ಎಂದರು ಡಾಕ್ಟರು. ಅವರ ಮಾತಿನ ಅರ್ಥ ನನಗೂ ಆಯಿತು, ಅಮ್ಮನಿಗೂ ಆಯಿತು. ಸೋಂಕಿಗೆ ಹೆದರಬೇಕಾದ ಕಾಲ ಮುಗಿದಿತ್ತು. ಆದರೂ ನಾನು ಕುದಿಸುವುದನ್ನು ಬಿಡಲಿಲ್ಲ, ಇಸ್ತ್ರಿಯನ್ನೂ ಬಿಡಲಿಲ್ಲ. ಬಿಟ್ಟರೆ ಅಮ್ಮ ಹೋಗುತ್ತಾಳೆಂದು ನಾನೇ ಒಪ್ಪಿಕೊಂಡ ಹಾಗೆ ಎನಿಸುತ್ತಿತ್ತು. ಅದನ್ನು ಒಪ್ಪಲು ನನಗೆ ಮನಸ್ಸಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯವರನ್ನು ಜಗಲಿಯಲ್ಲಿ ಕೂರಿಸಿ, ಮಾತ್ರೆ ತರಲು ಕುಂದಾಪುರಕ್ಕೆ ಹೋಗಿ ಬಂದೆ. ಕೊಡೆ ಇದ್ದದ್ದು ಹೆಸರಿಗೆ. ಬಸ್ಸಿನಲ್ಲಿ ಒದ್ದೆ ಜನರ ನಡುವೆ ಒತ್ತಿಕೊಂಡು ನಿಂತು, ಮನೆಗೆ ಬಂದರೆ ಇನ್ನೂ ಕರೆಂಟು ಇಲ್ಲ. ಬೆಳಿಗ್ಗೆ ಹೋದದ್ದು ಒಮ್ಮೆಯೂ ಬಂದಿಲ್ಲ ಎಂದು ಹೇಳಿ ಪಕ್ಕದ ಮನೆಯವರು ಎದ್ದು ಹೋದರು. ನನ್ನದು ಇಸ್ತ್ರಿಯಾದ ಸೀರೆ ಒಂದೂ ಉಳಿದಿರಲಿಲ್ಲ. ಹಗ್ಗದ ಮೇಲಿದ್ದವನ್ನು ಒಂದೊಂದಾಗಿ ಮುಟ್ಟಿ ನೋಡಿದೆ, ಎಲ್ಲವೂ ತಂಪು. ಮಾತ್ರೆ ಹಿಡಿದುಕೊಂಡು ಅಮ್ಮನ ಕೋಣೆಯ ಹೊಸ್ತಿಲಲ್ಲಿ ನಿಂತೆ.

"ಅಮ್ಮಾ, ಕರೆಂಟ್ ಬರ್ಲಿ. ಸೀರಿಗೆ ಇಸ್ತ್ರಿ ಹಾಕಿ ಬತ್ತೆ."

ಅಮ್ಮ ನನ್ನ ಒದ್ದೆ ಸೀರೆಯನ್ನು ನೋಡಿದಳು. "ಅಂಗಿ ತೆಗ್ದ್ ಬಾ ಅಂಬುಕೆ ನೀ ಈಗ ಸಣ್ಣ ಹೆಣ್ಣಲ್ಲ" ಎಂದಳು. ಆಮೇಲೆ, "ಹಾಂಗೇ ಬಾ ಮಗಾ" ಎಂದಳು.

ಜನ್ಮದಲ್ಲಿ ಅಮ್ಮ ಯಾರಿಗೂ ಹಾಗೆ ಹೇಳಿದವಳಲ್ಲ. ಆದರೂ ನಾನು ಹೊಸ್ತಿಲು ದಾಟಲಿಲ್ಲ. ಅವಳು ಮಂಚದ ಗೋಡೆಯ ಬದಿಗೆ ಸರಿದು ನನಗೆ ಜಾಗ ಮಾಡಿದಳು; ಅಷ್ಟು ಸರಿಯಲು ಅವಳಿಗೆ ಎಷ್ಟು ನೋವಾಯಿತೆಂದು ಮುಖದಲ್ಲೇ ಕಂಡಿತು. ಆಮೇಲೆ ನಿಲ್ಲಲು ನನ್ನಿಂದಾಗಲಿಲ್ಲ. ಬಸ್ಸಿನ ಸೀರೆಯಲ್ಲೇ ಹೋಗಿ ಅವಳ ಮಗ್ಗುಲಲ್ಲಿ ಮಲಗಿದೆ. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಅಮ್ಮ ನನ್ನ ಭುಜದ ಸೆರಗಿಗೆ ಮೂಗು ತಾಗಿಸಿ, "ಎಂತ ಮುಗ್ಗುಲ್ ವಾಸ್ನಿ! ನಿನ್ ಹುಳಗಳ್ದೇ" ಎಂದಳು. ನಾನು ಅತ್ತೆ. ದೊಡ್ಡ ದನಿಯಲ್ಲಿ, ಹೊಸ್ತಿಲಲ್ಲಿ ನಿಂತು ಅಳುತ್ತಿದ್ದೆನಲ್ಲ, ಹಾಗೆಯೇ ಅತ್ತೆ. ಅಮ್ಮ ಬೆನ್ನು ತಟ್ಟುತ್ತಾ ಇದ್ದಳು. ಕರೆಂಟು ಬಂದಾಗಲೂ ನಾವು ಏಳಲಿಲ್ಲ.

ಮರುದಿನ ಆ ಸೀರೆಯನ್ನು ಒಗೆದು ಜಗಲಿಯ ಹಗ್ಗದ ಮೇಲೆ ಹರವಿದೆ. ಆ ಮಳೆಯಲ್ಲಿ ಅದು ಒಣಗುವಷ್ಟರಲ್ಲಿ ಅಮ್ಮ ಇರಲಿಲ್ಲ.