ಗಾಂಬಾ ಯಾರ ಮನೆಯದು?

ಕಳೆದ ಭಾನುವಾರ ಕುಂದಾಪುರದಲ್ಲಿ, ತುಂಬಿದ ಸಭೆಯ ಮುಂದೆ ಮೈಕ್ ಹಿಡಿದು ನಾನೊಂದು ಸುಳ್ಳು ಹೇಳಿದೆ. ಬೇಕೆಂದು ಹೇಳಿದ್ದಲ್ಲ. ಗೊತ್ತಿಲ್ಲದೆ, ಬಹಳ ಧೈರ್ಯವಾಗಿ, ನಗುನಗುತ್ತಾ ಹೇಳಿದೆ. (ಗೊತ್ತಿಲ್ಲದ್ದನ್ನು ಹೇಳುವಾಗಲೇ ನನಗೆ ಧೈರ್ಯ ಜಾಸ್ತಿ. ಹೈಸ್ಕೂಲ್ ಟೀಚರ್ ಆಗಿ ರಿಟೈರ್ ಆದವಳು ನಾನು, ಅಭ್ಯಾಸವಾಗಿಬಿಟ್ಟಿದೆ.)

"ಈಗ ನಿಮ್ಮ ಮುಂದೆ ಬರುತ್ತಿರುವುದು ವಯೋಲಾ ದ ಗಾಂಬಾ. ನಮ್ಮ ಪಿಟೀಲಿನ ಅಜ್ಜಿ" ಅಂದೆ.

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನ ಹೆಂಗಸರು ಒಂದು ಸಲ "ಪಾಪ" ಅಂತಲೂ ಅಂದರು. ವೇದಿಕೆಯ ಮೇಲಿದ್ದ ಇಬ್ಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಒಬ್ಬಳು ಆ ವಾದ್ಯದ ಒಡತಿ ಕ್ಲಾರಾ. ಇನ್ನೊಬ್ಬರು ನನಗೆ ಪಿಟೀಲು ಕಲಿಸಿದ ಸುಬ್ರಾಯ ಮೇಷ್ಟ್ರು. ಮೇಷ್ಟ್ರಿಗೆ ಕೈ ನೋವು, ಅದಕ್ಕೇ ತಟ್ಟಲಿಲ್ಲ ಅಂದುಕೊಂಡೆ.

ಕ್ಲಾರಾ ಬೆಲ್ಜಿಯಂನವಳು. ಬ್ರಹ್ಮಾವರದ ನಮ್ಮ ಮನೆಯ ಮಹಡಿ ಕೋಣೆಗೆ ಮೂರು ತಿಂಗಳ ಮಟ್ಟಿಗೆ ಬಾಡಿಗೆಗೆ ಬಂದಿದ್ದಾಳೆ. ಚೆಂಡೆ, ಮದ್ದಳೆ ಕೇಳಬೇಕು, ನಮ್ಮ ತಾಳ ಅರ್ಥ ಮಾಡಿಕೊಳ್ಳಬೇಕು ಅಂತ ಆಸೆ. ಬಂದ ದಿನ ಅವಳ ಬಟ್ಟೆಬರೆಯೆಲ್ಲ ಒಂದು ಸಣ್ಣ ಬ್ಯಾಗಿನಲ್ಲಿ ಮುಗಿದಿತ್ತು. ಅವಳಿಗಿಂತ ತುಸುವೇ ಗಿಡ್ಡವಾದ ಒಂದು ಪೆಟ್ಟಿಗೆ ಮಾತ್ರ ರಿಕ್ಷಾದ ಒಳಗೆ ಹಿಡಿಸದೆ ಅರ್ಧ ಹೊರಗಿತ್ತು. ಸರ್ವಿಸ್ ರೋಡಿನಿಂದ ನಮ್ಮ ಗೇಟಿನವರೆಗೆ ಆ ರಿಕ್ಷಾದವನು ಸೈಕಲ್ ಸ್ಪೀಡಿನಲ್ಲಿ ಬಂದ. ಪುಣ್ಯಾತ್ಮ.

ನಮ್ಮೂರಿನ ಕ್ರಮ ನಿಮಗೆ ಗೊತ್ತಲ್ಲ? ಬಂದವರಿಗೆ ನೀರು, ಬೆಲ್ಲ ಕೊಡುವ ಮೊದಲೇ ಯಾರ ಮನೆಯವರು ಅಂತ ಕೇಳಬೇಕು. ಅಪ್ಪ ಯಾರು, ಅಮ್ಮನ ಕಡೆ ತೆಕ್ಕಟ್ಟೆಯಾ, ಸಿದ್ದಾಪುರವಾ? ಎಲ್ಲೋ ಒಂದು ಕಡೆ ಸಂಬಂಧ ಸಿಕ್ಕಿದರೆ ನಮಗೆ ಸಮಾಧಾನ. ಕ್ಲಾರಾ ಪೆಟ್ಟಿಗೆ ಬಿಚ್ಚಿ ಆ ವಾದ್ಯವನ್ನು ಹೊರಗೆ ತೆಗೆದಾಗ ನಾನು ಮಾಡಿದ್ದೂ ಅದನ್ನೇ. ಕಮಾನು ಇದೆ, ಸೊಂಟ ಇದೆ. ಹಾಗಾದರೆ ಪಿಟೀಲಿನ ಮನೆಯದು. ಬಹಳ ಹಳೆಯ ಕಾಲದ್ದು ಅಂತ ಅವಳೇ ಹೇಳಿದಳು. ಹಾಗಾದರೆ ಅಜ್ಜಿ. ಮುಗಿಯಿತು. ಅವಳನ್ನು ಕೇಳುವ ಗೋಜಿಗೇ ಹೋಗಲಿಲ್ಲ.

ನೋಡಿದವರು ಕಡಿಮೆ, ಹಾಗಾಗಿ ಸ್ವಲ್ಪ ವಿವರಿಸುತ್ತೇನೆ. ದೂರದಿಂದ ಕಂಡರೆ, ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು ಚೆಲ್ಲೋ ಇದೆಯಲ್ಲ, ಅದರ ತರಹವೇ. ಆದರೆ ಚೆಲ್ಲೋ ಒಂದು ಕಬ್ಬಿಣದ ಕಡ್ಡಿಯನ್ನು ನೆಲಕ್ಕೆ ಊರಿ ನಿಲ್ಲುತ್ತದೆ. ಗಾಂಬಾಕ್ಕೆ ಅಂಥ ಆಸರೆ ಇಲ್ಲ. ಕುರ್ಚಿಯ ಮೇಲೆ ಕೂತು ಎರಡು ಮೀನಖಂಡಗಳ ನಡುವೆ ಅದನ್ನು ಹಿಡಿದುಕೊಳ್ಳಬೇಕು. ಗಾಂಬಾ ಅಂದರೆ ಕಾಲು ಅಂತಲೇ ಅರ್ಥವಂತೆ. ತಂತಿ ಆರು. ನಮ್ಮ ವೀಣೆಯ ಹಾಗೆ ಮೆಟ್ಟಿಲುಗಳೂ ಇವೆ, ಆದರೆ ಲೋಹದ್ದಲ್ಲ. ಕುರಿಯ ಕರುಳಿನಿಂದ ಮಾಡಿದ ದಾರವನ್ನು ಕುತ್ತಿಗೆಗೆ ಸುತ್ತಿ ಗಂಟು ಹಾಕಿದ್ದಾರೆ. ಬೇಕಾದರೆ ಆಚೀಚೆ ಸರಿಸಬಹುದು. ಇನ್ನು ಕಮಾನು ಹಿಡಿಯುವುದು ಅಂಗೈ ಮೇಲೆ ಮಾಡಿ, ಕೆಳಗಿನಿಂದ. ಕೈ ಸೊಂಟದ ಮಟ್ಟದಲ್ಲೇ ಓಡಾಡುತ್ತದೆ.

ಧ್ವನಿ? ಪಕ್ಕದ ಕೋಣೆಯಲ್ಲಿ ಯಾರೋ ಮೆತ್ತಗೆ ಮಾತಾಡಿದ ಹಾಗೆ. ಮೊದಲ ದಿನ ಕೇಳಿ, ಇಷ್ಟು ಸಣ್ಣ ಸ್ವರಕ್ಕೆ ಇಷ್ಟು ದೊಡ್ಡ ಮೈ ಯಾಕೆ ಅಂದುಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ, ವಾರವಾದರೂ ನನಗದು ಹಿಡಿಸಲಿಲ್ಲ. ಹತ್ತು ದಿನದ ಮೇಲೆ ಒಂದು ಸಂಜೆ ಬೂತಾಯಿ ಹುರಿಯುತ್ತಾ ಇದ್ದವಳು ಗ್ಯಾಸ್ ಆಫ್ ಮಾಡಿ ಮಹಡಿ ಮೆಟ್ಟಿಲಲ್ಲಿ ಕೂತು ಕೇಳಿದೆ. ಆ ಮೀನು ಆಮೇಲೆ ಯಾರಿಗೂ ರುಚಿಸಲಿಲ್ಲ ಅನ್ನುವುದು ಬೇರೆ ವಿಷಯ.

ಈಗ ಮೇಷ್ಟ್ರ ಸುದ್ದಿ. ಕುಂದಾಪುರದ ಒಂದು ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಸುಬ್ರಾಯ ಮೇಷ್ಟ್ರು ಪಿಟೀಲು ಕಲಿಸುತ್ತಾರೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರಾದರೂ ಪಿಟೀಲು ಹಿಡಿದದ್ದು ಕಂಡರೆ, ಅವರು ಒಂದಲ್ಲ ಒಂದು ದಿನ ಆ ಕೋಣೆಯಲ್ಲಿ ಬೈಗುಳ ತಿಂದವರೇ ಇರಬೇಕು. ಅಂಥ ಮೇಷ್ಟ್ರ ಬಲ ಭುಜ ಹೋದ ವರ್ಷ ಕಟ್ಟಿಕೊಂಡಿತು. ಕೈ ಎದೆಯಿಂದ ಮೇಲೆ ಏಳದು. ಎಣ್ಣೆ ಆಯಿತು, ವ್ಯಾಯಾಮ ಆಯಿತು, ಡಾಕ್ಟರರೂ ಇನ್ನು ಇಷ್ಟೇ ಅಂದರು. ಕಮಾನು ಎತ್ತಲಾಗದೆ ಮೇಷ್ಟ್ರು ಬಾಯಲ್ಲಿ ಹಾಡಿ ಪಾಠ ಮಾಡತೊಡಗಿದರು. ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ತೆಕ್ಕಟ್ಟೆಯಿಂದ ಬರುವ ಅನ್ವಿತಾ ಒಬ್ಬಳು ಉಳಿದಳು. ಅವಳ ಅಪ್ಪನಿಗೆ ಮೀನಿನ ವ್ಯಾಪಾರ, ಅವಳು ಕಾಲೇಜು ಹುಡುಗಿ, ಹಠ ಬೇರೆ.

ಹೋದ ತಿಂಗಳು ಮೇಷ್ಟ್ರು ನನಗೆ ಫೋನ್ ಮಾಡಿ, ಇನ್ನೆರಡು ತಿಂಗಳಲ್ಲಿ ಕೋಣೆ ಬಿಡುತ್ತೇನೆ, ಪಿಟೀಲು ಅನ್ವಿತಾಳಿಗೆ ಕೊಡುತ್ತೇನೆ ಅಂದರು. ಬಸ್ಸಿನ ಟೈಮ್ ಹೇಳುವ ಹಾಗೆ ಹೇಳಿದರು. ಆ ಮನುಷ್ಯನಿಂದ ಪಿಟೀಲು ಕಿತ್ತುಕೊಂಡರೆ ಏನು ಉಳಿಯುತ್ತದೆ?

ಹಳೆಯ ವಿದ್ಯಾರ್ಥಿಗಳು ಸೇರಿ ಏನು ಮಾಡಿದೆವು ಹೇಳಿ ನೋಡೋಣ? ಸನ್ಮಾನ. ಅಲ್ಲದೆ ಮತ್ತೇನು? ನಮ್ಮಲ್ಲಿ ಯಾವ ಕಷ್ಟಕ್ಕೂ ಅದೇ ಮದ್ದು. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಫಲಕ. (ಫಲಕದಲ್ಲಿ 'ಸಲ್ಲಿಸಿದ ಸೇವೆ' ಅಂತ ಬರೆಸಿದ್ದೆವು. ಸಲ್ಲಿಸುತ್ತಿರುವ ಅಂತ ಬರೆಸಲು ಯಾರಿಗೂ ಹೊಳೆಯಲಿಲ್ಲ, ನನಗೂ.) ಕ್ಲಾರಾ ಇಪ್ಪತ್ತು ನಿಮಿಷ ಗಾಂಬಾ ನುಡಿಸುವುದು, ಅನ್ವಿತಾ ಜೊತೆಗೂಡುವುದು, ನಿರೂಪಣೆ ನನ್ನದು.

ಸರಿ, ಅಜ್ಜಿ ಅಂದೆ, ಚಪ್ಪಾಳೆ ಬಿತ್ತು. ಕ್ಲಾರಾ ನುಡಿಸತೊಡಗಿದಳು. ಏನೂ ಕೇಳಿಸಲಿಲ್ಲ. ನಮ್ಮ ಸೆಕೆ ಗೊತ್ತಲ್ಲ, ಹಾಲಿನ ಅಷ್ಟೂ ಫ್ಯಾನುಗಳು ಗರಗರ ತಿರುಗುತ್ತಿದ್ದವು. ಸೌಂಡ್ ಸಿಸ್ಟಂ ರಾಘುವಿನದು. ಶಿರೂರಿನವನು, ಮೈಕ್ ವಿಷಯದಲ್ಲಿ ಬಹಳ ಅಭಿಮಾನಿ. ಅವನು ವಾಲ್ಯೂಮ್ ಏರಿಸಿದ. ಮೈಕ್ ಕೂಗಿಕೊಂಡಿತು. ಕ್ಲಾರಾ ನಿಲ್ಲಿಸಿ, ಮೈಕ್ ಬೇಡ, ಸಾಧ್ಯವಾದರೆ ಫ್ಯಾನೂ ಬೇಡ ಅಂತ ನನ್ನ ಕಿವಿಯಲ್ಲಿ ಹೇಳಿದಳು. ನಾನು ರಾಘುವಿಗೆ ಸನ್ನೆ ಮಾಡಿದೆ.

"ಹ್ವಾಯ್ ಅಕ್ಕ, ಮೈಕ್ ಬಂದ್ ಮಾಡುಕೆ ನನ್ನ ಶಿರೂರಿಂದ ಕರ್ಸಿದ್ರ್ಯಾ?" ಅಂದ. ಅಂದರೂ ಬಂದ್ ಮಾಡಿದ.

ಫ್ಯಾನು ನಿಂತಿತು. ಬೆವರಿಳಿಯಿತು. ಜನ ಆಮಂತ್ರಣ ಪತ್ರಿಕೆಯಲ್ಲಿ ಗಾಳಿ ಬೀಸಿಕೊಂಡರು, ಆಮೇಲೆ ಅದರ ಸದ್ದೂ ಅಡ್ಡವಾಗುತ್ತದೆ ಅಂತ ಬೀಸುವುದನ್ನೂ ನಿಲ್ಲಿಸಿದರು. ಆಗ ಕೇಳಿಸಿತು ನೋಡಿ. ಕಮಾನು ತಂತಿಗೆ ತಾಗುವ ಮೊದಲ ಉಸಿರು, ಮೂರು ತಂತಿ ಒಟ್ಟಿಗೆ ನುಡಿದ ಮೇಲೆ ಉಳಿಯುವ ಗುಂಯ್ ಅನ್ನುವ ನಾದ. ಹೊರಗೆ ಸಿದ್ದಾಪುರದ ಬಸ್ಸು ಹಾರ್ನ್ ಹೊಡೆದದ್ದಕ್ಕೆ ಇಡೀ ಸಭೆ ಬಾಗಿಲ ಕಡೆ ತಿರುಗಿ ಸಿಟ್ಟಿನಿಂದ ನೋಡಿತು. ನಮ್ಮೂರಿನಲ್ಲಿ ಹಾರ್ನಿಗೆ ಯಾರಾದರೂ ಬೇಸರಿಸಿಕೊಂಡದ್ದು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಅನ್ವಿತಾ ಬಂದು ಕೂತಳು. ಮೋಹನ ರಾಗದ ನಾಲ್ಕು ಸಾಲು. ಮೊದಲ ಸಾಲಿನಲ್ಲಿ ಅವಳ ಪಿಟೀಲು ಗಾಂಬಾವನ್ನು ನುಂಗಿಯೇ ಹಾಕಿತು. ಹುಡುಗಿ ಜಾಣೆ, ಎರಡನೆಯ ಸಾಲಿಗೆ ಕಮಾನಿನ ಒತ್ತಡ ಕಡಿಮೆ ಮಾಡಿದಳು. ಪಿಟೀಲು ಜಾರಿಕೊಂಡು ಮೇಲೆ ಹೋಗುತ್ತದೆ, ಗಾಂಬಾ ಕೆಳಗೆ ಒಂದೊಂದೇ ಮೆಟ್ಟಿಲು ಇಟ್ಟುಕೊಂಡು ನಡೆಯುತ್ತದೆ. ಪಿಟೀಲಿನ ಗಮಕ ಅದಕ್ಕೆ ಬರುವುದಿಲ್ಲ. ಅದರ ತುಂಬು ಗುಂಗು ಪಿಟೀಲಿಗೆ ಬರುವುದಿಲ್ಲ. ಎರಡೂ ಬೇಕು ಅನಿಸಿತು. ನನಗೆ ಕಣ್ಣು ತುಂಬಿತು, ಅದನ್ನೇಕೆ ಮುಚ್ಚಿಡಲಿ.

ಮೇಷ್ಟ್ರು ಮಾತ್ರ ಬೇರೇನನ್ನೋ ನೋಡುತ್ತಿದ್ದರು. ಅವರ ಕಣ್ಣು ಅನ್ವಿತಾಳ ಕಡೆ ಇರಲಿಲ್ಲ. ಕ್ಲಾರಾಳ ಬಲಗೈ ಕಡೆಗಿತ್ತು.

ಸನ್ಮಾನವಾಯಿತು. ಶಾಲು ಹೊದಿಸಿದೆವು, ಫಲಕ ಓದಿದೆವು. ಮೇಷ್ಟ್ರು ಎರಡು ಮಾತಾಡಬೇಕು ಅಂತ ಮೈಕ್ ಮತ್ತೆ ಆನ್ ಮಾಡಿಸಿ ಕೊಟ್ಟೆ. ವಿದಾಯದ ಭಾಷಣ ಇರಬಹುದೆಂದು ಕರವಸ್ತ್ರ ಸಿದ್ಧವಿಟ್ಟುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿದರು.

"ಹೆಣ್ಣೆ, ಅದ್ ಅಜ್ಜಿ ಅಲ್ಲ. ನಾ ಒಳ್ಗ್ ಕೂತಾಗ ಆ ಹುಡ್ಗಿ ಹತ್ರ ಕೇಂಡೆ. ಪಿಟೀಲೂ ಅದೂ ಒಂದೇ ಕಾಲದ್ದಂಬ್ರ್. ಮನೆ ಬ್ಯಾರೆ. ಅಜ್ಜಿ ಅಂದ್ರೆ ನಿಮ್ಗ್ ಸುಲ್ಭ, ಕೈ ಮುಗ್ದ್ ಒಂದ್ ಬದಿ ಕೂರ್ಸಲಕ್ಕ್."

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಮೇಷ್ಟ್ರು ಶಾಲು ಮಡಚಿ ಪಕ್ಕಕ್ಕಿಟ್ಟು, ಒಮ್ಮೆ ಕೊಡ್ತೀಯಾ ಅಂತ ಕ್ಲಾರಾಳಿಗೆ ಕೈಸನ್ನೆ ಮಾಡಿದರು. ಅವಳು ತನ್ನ ಕುರ್ಚಿಯಲ್ಲೇ ಕೂರಿಸಿ, ವಾದ್ಯವನ್ನು ಕಾಲ ನಡುವೆ ಇಟ್ಟು, ಅಂಗೈಯನ್ನು ಮೇಲೆ ಮಾಡಿ ಕಮಾನು ಹಿಡಿಸಿದಳು. ಮೊದಲು ಬಂದದ್ದು ಬಾಗಿಲು ಕಿರುಗುಟ್ಟಿದ ಸದ್ದು. ಎರಡನೆಯದೂ ಅದೇ. ಮೂರನೆಯ ಸಲ ಒಂದು ಸ್ವರ ಬಂತು. ಉದ್ದವಾಗಿ, ನೆಟ್ಟಗೆ, ಕಮಾನಿನ ಈ ತುದಿಯಿಂದ ಆ ತುದಿಯವರೆಗೆ. ಭುಜ ಏಳಲೇ ಇಲ್ಲ. ಏಳಬೇಕಾಗಿಯೂ ಇರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಕ್ಲಾರಾಳನ್ನು ಕೇಳಿದೆ. (ಮೊದಲೇ ಕೇಳಬಹುದಿತ್ತು, ಗೊತ್ತು.) ಮೇಷ್ಟ್ರು ಹೇಳಿದ್ದು ಸರಿ. ಗಾಂಬಾದಿಂದ ಪಿಟೀಲಾಗಲಿ ಚೆಲ್ಲೋ ಆಗಲಿ ಹುಟ್ಟಲಿಲ್ಲ. ಸುಮಾರಾಗಿ ಒಂದೇ ಕಾಲದಲ್ಲಿ ಎರಡು ಬೇರೆ ಮನೆಗಳಲ್ಲಿ ಬೆಳೆದವು. ಗಾಂಬಾದ ನಂಟು ಮೆಟ್ಟಿಲಿರುವ, ಗಿಟಾರಿನಂಥ ವಾದ್ಯಗಳ ಜೊತೆಗೆ ಜಾಸ್ತಿ. ಮುಂದೆ ಸಭಾಂಗಣಗಳು ದೊಡ್ಡವಾದವು, ಜನ ಹೆಚ್ಚಾದರು, ಜೋರು ಸ್ವರದವಕ್ಕೆ ಮುಂದಿನ ಕುರ್ಚಿ ಸಿಕ್ಕಿತು. ಕೋಣೆಯಲ್ಲಿ ನುಡಿಸುವ ಗಾಂಬಾ ಮೂಲೆಗೆ ಹೋಯಿತು. ಅದು ಕೆಟ್ಟದ್ದೆಂದು ಅಲ್ಲ, ಮೆತ್ತಗೆ ಮಾತಾಡುತ್ತದೆ ಎಂದು. ಈಗ ಮತ್ತೆ ಹೊಸ ಗಾಂಬಾಗಳನ್ನು ಮಾಡುತ್ತಿದ್ದಾರೆ. ನಾನು ಅಜ್ಜಿ ಅಂದೆನಲ್ಲ, ಅವಳ ಆ ವಾದ್ಯಕ್ಕೆ ಒಂಬತ್ತು ವರ್ಷವಂತೆ!

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಚೆಂದದ ನೆನಪಾಗುತ್ತಿತ್ತು. ಕ್ಲಾರಾ ಹೋಗುವಾಗ ಗಾಂಬಾವೂ ಹೋಗುತ್ತದೆ. ಮೇಷ್ಟ್ರಿಗೆ ಸಿಕ್ಕಿದ್ದು ಒಂದು ಸ್ವರ ಮಾತ್ರ ಅಂತ ಎರಡು ದಿನ ಕೊರಗಿದೆ. ಮಂಗಳವಾರ ಸಂಜೆ ಹಣ್ಣಿನ ಬುಟ್ಟಿ ತಲುಪಿಸುವ ನೆಪ ಮಾಡಿ (ಹಾಲಿನಲ್ಲೇ ಬಿಟ್ಟು ಬಂದಿದ್ದರು) ಆ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದಿತ್ತು. ಮೇಷ್ಟ್ರು ಚಾಪೆಯ ಮೇಲಿರಲಿಲ್ಲ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಬೈರಾಸದ, ಅಂದರೆ ಹೆಗಲ ಟವೆಲಿನ, ಸುರುಳಿ. ಅದರ ಮೇಲೆ ಅವರದ್ದೇ ಪಿಟೀಲು, ತಲೆ ಮೇಲಾಗಿ ನೆಟ್ಟಗೆ ನಿಂತಿತ್ತು. ಎಡಗೈ ಅದರ ಕುತ್ತಿಗೆಯಲ್ಲಿ, ಬಲಗೈಯಲ್ಲಿ ಕಮಾನು, ಅಂಗೈ ಮೇಲೆ, ಥೇಟ್ ಕ್ಲಾರಾಳ ಹಾಗೆ. ನೆಲದಲ್ಲಿ ಅನ್ವಿತಾ ಕೂತು ನಗು ತಡೆದುಕೊಳ್ಳುತ್ತಿದ್ದಳು. ಮೇಷ್ಟ್ರು ನುಡಿಸುತ್ತಿದ್ದದ್ದು ಸರಳೆ ವರಸೆ, ಮಕ್ಕಳ ಮೊದಲ ಪಾಠ. ಅದರಲ್ಲೂ ತಪ್ಪು. ಕಮಾನಿನ ಲೆಕ್ಕವೆಲ್ಲ ಉಲ್ಟಾ ಆಗಿದೆ, ಇಷ್ಟು ವಯಸ್ಸಿಗೆ ಮತ್ತೆ ಒಂದನೇ ಕ್ಲಾಸಿಗೆ ಬಂದೆ ಅಂತ ಗೊಣಗಿದರು. ಹಳೆಯ ವೇಗ ಇನ್ನು ಬರಲಿಕ್ಕಿಲ್ಲ. ಆದರೆ ಸ್ವರ ಬರುತ್ತಿತ್ತು. ಮೇಷ್ಟ್ರ ಸ್ವರವೇ. ಕೋಣೆ ಬಿಡುವ ಮಾತು ಎತ್ತಲಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಒಬ್ಬರು, ಪಿಟೀಲು ಹಿಡಿಯುವ ಕ್ರಮ ಇದಲ್ಲ ಅಂತ ಬರೆದರು. ಹೌದಾ? ಪಿಟೀಲನ್ನು ಮಾಡಿದವರ ಊರಿನಲ್ಲಿ ಅದನ್ನು ನಿಂತು, ಗಲ್ಲದ ಕೆಳಗೆ ಹಿಡಿಯುತ್ತಾರೆ. ನಾವು ನೆಲಕ್ಕೆ ಚಕ್ಕಳಮಕ್ಕಳ ಕೂತು, ಅದರ ತಲೆಯನ್ನು ಕಾಲಿಗೆ ಆನಿಸಿ ನುಡಿಸಿದೆವು. ಯಾರನ್ನು ಕೇಳಿ? ನಮ್ಮ ರಾಗಕ್ಕೆ, ನಮ್ಮ ಮೈಗೆ ಬೇಕಾಗಿತ್ತು, ಹಾಗೆ ಹಿಡಿದೆವು. ಈಗ ಒಂದು ಭುಜಕ್ಕೆ ಬೇಕಾದ ಹಾಗೆ ಹಿಡಿದರೆ ಕ್ರಮ ಕೆಟ್ಟೀತೇ? ಇಷ್ಟು ಬರೆದು ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ, ನೀಲಿ ಗೆರೆ ಮಾತ್ರ ಬಂದಿದೆ.

ಅವತ್ತು ಕೋಣೆಯಿಂದ ಹೊರಡುವಾಗ ಮೇಷ್ಟ್ರು ತಡೆದರು. ಅನ್ವಿತಾಳ ಪಿಟೀಲು ನನ್ನ ಕೈಗೆ ಕೊಡಿಸಿ, ಕೂತು ನುಡಿಸು ಅಂದರು. ನಾನು ಪಿಟೀಲು ಮುಟ್ಟದೆ ಹನ್ನೊಂದು ವರ್ಷವಾಯಿತು. ಕೆಲಸ, ಮನೆ, ಮಗಳ ಮದುವೆ, ಬಿಪಿ, ಈ ಅಂಕಣ ಅಂತ ಒಂದೊಂದಾಗಿ ಹೇಳತೊಡಗಿದೆ. ಮೇಷ್ಟ್ರು ಪೂರ್ತಿ ಕೇಳಿದರು. ಆಮೇಲೆ ತಮ್ಮ ಬೈರಾಸ ಸರಿ ಮಾಡಿಕೊಳ್ಳುತ್ತಾ ಮೆತ್ತಗೆ ಕೇಳಿದರು.

"ಅದೆಲ್ಲ ಸೈ. ನಿನ್ ಭುಜಕ್ಕ್ ಎಂತ ಆಯ್ತ್?"