ನಾನು ಬಿಡಿಸಿದ ಇಂಜಿನ್

ಮೆಟ್ರಿಯ ನಮ್ಮ ಹೊಲದ ಬದುವಿನಲ್ಲಿ, ಜಾಲಿ ಗಿಡದ ಕೆಳಗೆ, ನನ್ನ ಗಂಡನ ಟ್ರ್ಯಾಕ್ಟರ್ ಎಂಟು ವರ್ಷ ನಿಂತಲ್ಲೇ ನಿಂತಿತ್ತು. ಯಶವಂತನಗರದ ಕಡೆ ಗಣಿ ಲಾರಿ ಓಡಿಸಿ ದುಡಿದದ್ದರಲ್ಲಿ ಅವರು ಕೊಂಡಿದ್ದ ಹಳೇ ಗಾಡಿ ಅದು. ಅವರು ತೀರಿಕೊಂಡ ಮೇಲೆ ಅದರ ಗೊಡವೆಗೆ ಯಾರೂ ಹೋಗಲಿಲ್ಲ. ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಟ್ಟವು. ಯಾರೋ ಪುಣ್ಯಾತ್ಮರು ಬ್ಯಾಟರಿ ಬಿಚ್ಚಿಕೊಂಡು ಹೋದರು. ಸೈಲೆನ್ಸರ್ ಕೊಳವೆಗೆ ಮುಚ್ಚಿದ್ದ ಡಬ್ಬಿ ಗಾಳಿಗೆ ಹಾರಿಹೋಗಿ, ಮಳೆನೀರು ನೇರ ಇಂಜಿನ್ನಿಗೆ ಇಳಿದು, ಒಳಗೆ ತುಕ್ಕು ಹಿಡಿದು ಎಲ್ಲ ಕಚ್ಚಿಕೊಂಡಿತು.

ಅದನ್ನು ಮತ್ತೆ ಓಡಿಸಬೇಕೆಂದು ನಾನು ಹಟ ಹಿಡಿದದ್ದು ಗಂಡನ ನೆನಪಿಗಾಗಿ ಎಂದು ಊರವರು ಮಾತಾಡಿಕೊಂಡರು. ನೆನಪಿಗೆ ಫೋಟೋ ಸಾಕಿತ್ತು. ನನಗೆ ಬೇಕಾಗಿದ್ದದ್ದು ಮೈದುನನ ಮನೆ ಬಾಗಿಲಿಗೆ ಹೋಗಿ ನಿಲ್ಲದ ಬದುಕು. ಅವನ ಹತ್ತಿರ ಒಂದು ಟ್ರ್ಯಾಕ್ಟರ್ ಇತ್ತು. ಕಾಲುವೆಗೆ ನೀರು ಬಿಟ್ಟಾಗ ಊರಿನ ಗದ್ದೆಗಳೆಲ್ಲ ನಾಟಿಯಾದ ಮೇಲೆ ನನ್ನ ಎರಡು ಎಕರೆಗೆ ಅವನ ಗಾಡಿ ಬರುತ್ತಿತ್ತು. ‘ನಾಳೆ ಬರ್ತೀನಿ ಅತ್ತಿಗಿ’ ಎಂದು ಅವನು ಹಲ್ಲು ಕಿರಿಯುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ನಮ್ಮಪ್ಪ ಹೊಸಪೇಟೆಯಲ್ಲಿ ನೀರೆತ್ತುವ ಡೀಸೆಲ್ ಇಂಜಿನ್ ರಿಪೇರಿ ಮಾಡುತ್ತಿದ್ದ. ಮದುವೆಯಾಗುವವರೆಗೂ ಅವನ ಕೈಗೆ ಬೋಲ್ಟು ಬಿಚ್ಚುವ ಪಾನ ಕೊಡುವ ಕೆಲಸ ನನ್ನದೇ. ಹಾಗಾಗಿ ಕಂಪ್ಲಿಯಿಂದ ಬಂದ ಟ್ರ್ಯಾಕ್ಟರ್ ಮೇಸ್ತ್ರಿ ಗಾಡಿಯ ಸುತ್ತ ಎರಡು ಸುತ್ತು ಹಾಕಿ, ‘ಗೇರಿಗೆ ಹಾಕಿ ಇನ್ನೊಂದು ಗಾಡೀಲೆ ಎಳಿಸೋಣ್ರೀ, ತಾನೇ ಬಿಡ್ತೈತಿ’ ಎಂದಾಗ ನನಗೆ ರೇಗಿತು.

‘ಬಿಡಲ್ಲಪ್ಪ, ಪಿಸ್ಟನ್ ರಾಡ್ ಬಗ್ತೈತಿ’ ಅಂದೆ.

‘ಹಂಗಾದ್ರ ನೀವೇ ಮಾಡ್ಕೊಳ್ರಿ’ ಎಂದು ಅವನು ಬೈಕು ಹತ್ತಿ ಹೋದ. ಮಾಡಿಕೊಂಡೆ.

ನಾನು ಅಂಗನವಾಡಿ ಕಾರ್ಯಕರ್ತೆ. ಸಂಜೆ ಕೇಂದ್ರದ ಬಾಗಿಲು ಹಾಕಿ ಸೀದಾ ಹೊಲಕ್ಕೆ ಹೋಗುತ್ತಿದ್ದೆ. ಇಂಜಿನ್ನಿನ ಮೇಲಿನ ಮುಚ್ಚಳ, ಹೆಡ್ಡು, ಬಿಚ್ಚುವುದಕ್ಕೇ ನಾಲ್ಕು ದಿನ ಹಿಡಿಯಿತು. ಮೂರು ಸಿಲಿಂಡರಿನಲ್ಲಿ ಎರಡು ಪರವಾಗಿರಲಿಲ್ಲ, ನಡುವಿನದರಲ್ಲಿ ಮಾತ್ರ ತುಕ್ಕು ಹುಣಸೆ ತೊಕ್ಕಿನ ಹಾಗೆ ದಪ್ಪಗೆ ಕಟ್ಟಿಕೊಂಡಿತ್ತು. ಡೀಸೆಲ್ಲಿಗೆ ಇಂಜಿನ್ ಆಯಿಲ್ ಬೆರೆಸಿ ತುಂಬಿಸಿ, ಚೀಲ ಹೊದಿಸಿ ಬಂದೆ. ಮರುದಿನ ಮತ್ತೆ ಅದೇ ಕೆಲಸ. ಪಿಸ್ಟನ್ನಿನ ಮೇಲೆ ಜಾಲಿ ಕಟ್ಟಿಗೆಯ ತುಂಡು ಇಟ್ಟು ಸುತ್ತಲೂ ಸಣ್ಣಗೆ ಬಡಿಯುವುದು, ಮುಂದಿನ ಪುಲ್ಲಿಯ ಬೋಲ್ಟಿಗೆ ಪಾನ ಹಾಕಿ ಒಮ್ಮೆ ಆಕಡೆ ಒಮ್ಮೆ ಈಕಡೆ ಒತ್ತಿ ನೋಡುವುದು, ಅಲುಗದಿದ್ದರೆ ಬಿಟ್ಟು ಮನೆಗೆ ಬರುವುದು. ಆ ಬಿಟ್ಟು ಬರುವುದೇ ಕಷ್ಟದ್ದು. ಪಾನಕ್ಕೆ ಉದ್ದ ಪೈಪು ಸಿಕ್ಕಿಸಿ ಜೋತುಬೀಳೋಣ ಎಂದು ಕೈ ತುರಿಸುತ್ತದೆ. ಕೂಲಿಗೆ ಹೋಗಿ ಬರುವ ಹೆಂಗಸರು ಬದುವಿನ ಮೇಲೆ ನಿಂತು, ‘ಏನವ್ವ, ಇನ್ನೂ ಹೆರಿಗಿ ಆಗ್ಲಿಲ್ಲೇನು?’ ಎಂದು ನಗುತ್ತಿದ್ದರು. ನಾನೂ ನಕ್ಕು ಮತ್ತೆ ಪಾನ ಒತ್ತುತ್ತಿದ್ದೆ.

ಹತ್ತೊಂಬತ್ತನೆಯ ದಿನ ಪಾನ ಒತ್ತಿದಾಗ ಪುಲ್ಲಿ ಒಂದು ಬೆರಳಿನಷ್ಟು ತಿರುಗಿತು. ನಾನು ಮಣ್ಣಿನಲ್ಲಿ ಕೂತುಬಿಟ್ಟೆ. ಗಂಡ ಸತ್ತ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಆಮೇಲೆ ಪಿಸ್ಟನ್ ಹೊರತೆಗೆದು, ಹೊಸಪೇಟೆಯಿಂದ ಹೊಸ ರಿಂಗು ತಂದು, ನಮ್ಮಪ್ಪನ ಹಳೆಯ ಶಿಷ್ಯನೊಬ್ಬನನ್ನು ಕರೆಸಿ ಎಲ್ಲ ಜೋಡಿಸಿದೆವು.

ಸ್ಟಾರ್ಟ್ ಮಾಡಲು ಅಮಾವಾಸ್ಯೆ ಗೊತ್ತುಮಾಡಿದೆವು. ನಮ್ಮ ಕಡೆ ಗಾಡಿಗಳಿಗೆಲ್ಲ ಅಂದೇ ಪೂಜೆ. ಮೈದುನನೂ ಅಕ್ಕಪಕ್ಕದವರೂ ಬಂದು ಸೇರಿದ್ದರು. ನಾನು ಹೊಸ ಬ್ಯಾಟರಿ ಕೂಡಿಸಿ ಕೀಲಿ ಕೈಯಲ್ಲಿ ಹಿಡಿದು ಸೀಟಿಗೆ ಕಾಲಿಟ್ಟಿದ್ದೆ. ನಮ್ಮತ್ತೆ ಹತ್ತಿರ ಬಂದು ಮೆಲ್ಲಗೆ, ‘ನೀ ಸ್ವಲ್ಪ ಆಕಡಿ ನಿಂದ್ರವ್ವ. ಮೊದಲ್ನೇ ಸಲ ಮನಿ ಗಂಡಸು ಏರ್ಲಿ’ ಅಂದರು. ಗಂಡ ಸತ್ತವಳು ಮೊದಲು ಹತ್ತಬಾರದು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮೇಸ್ತ್ರಿಯ ಜೊತೆ ಜಗಳವಾಡಿದ ನಾನು ಆಗ ಹೇಳಿದ ಕೂಡಲೇ ಕೆಳಗಿಳಿದೆ. ಒಳ್ಳೆಯದಾಗಲಿ ಎಂಬ ಆಸೆ, ಕೆಟ್ಟದಾದರೆ ನನ್ನ ತಲೆಗೆ ಬರುತ್ತದೆಂಬ ಹೆದರಿಕೆ. ಮೈದುನನ ಕೈಗೆ ಕೀಲಿ ಕೊಟ್ಟವಳು ನಾನೇ. ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಅವನು ಕುಂಕುಮ ಹಚ್ಚಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಹತ್ತಿ ಕೂತ. ನಾಲ್ಕನೆಯ ಸಲಕ್ಕೆ ಇಂಜಿನ್ ಹಿಡಿಯಿತು. ಎಲ್ಲರೂ ಅವನ ಬೆನ್ನು ತಟ್ಟಿದರು. ‘ಒಂದ್ ರೌಂಡ್ ಹೊಡ್ಕಂಡ್ ಬರ್ತೀನಿ’ ಎಂದು ಹೋದವನು ಸಂಜೆಯಾದರೂ ಬರಲಿಲ್ಲ. ಅವನ ಮನೆಗೆ ಹೋಗಿ ನೋಡಿದರೆ ಅಂಗಳದಲ್ಲಿ ಗಾಡಿಗೆ ಟ್ರಾಲಿ ಕಟ್ಟಿ ಆಗಿತ್ತು.

‘ಆರ್‌ಸಿ ಅಪ್ಪನ ಹೆಸರಿಗೈತಿ ಅತ್ತಿಗಿ. ನಿಮಗೆಲ್ಲಿ ಓಡ್ಸಾಕ ಬರ್ತೈತಿ? ನಿಮ್ಮ ಹೊಲ ನಾನೇ ಹೊಡೆದು ಕೊಡ್ತೀನಿ ಬಿಡ್ರಿ’ ಅಂದ.

ಕೊಳ್ಳುವಾಗ ಮನೆಯ ಹಿರಿಯರೆಂದು ನನ್ನ ಗಂಡ ಆಗಿನ್ನೂ ಬದುಕಿದ್ದ ಮಾವನ ಹೆಸರು ಬರೆಸಿದ್ದು ನಿಜ. ಊರ ಹಿರಿಯರ ಹತ್ತಿರ ಹೋದೆ. ‘ಅವನೇನು ಬ್ಯಾರೆಯವನಾ?’ ಎಂದು ಚಹ ಕುಡಿಸಿ ಕಳಿಸಿದರು. ಎಂಟು ವರ್ಷ ತುಕ್ಕು ಹಿಡಿದಿದ್ದಾಗ ಅದು ನನ್ನ ಗಂಡನ ಗಾಡಿ, ಹೊಗೆ ಬಿಟ್ಟ ಕೂಡಲೇ ಮನೆತನದ ಗಾಡಿ. ಆ ವರ್ಷವೂ ನನ್ನ ಗದ್ದೆಗೆ ಎಲ್ಲರಿಗಿಂತ ಕೊನೆಗೆ ಗಾಡಿ ಬಂತು, ಅದೂ ನಾನೇ ಬಿಡಿಸಿದ ಇಂಜಿನ್ನಿನದು.

ಸುಗ್ಗಿಯ ಹೊತ್ತಿಗೆ ಒಂದು ಬೆಳಿಗ್ಗೆ ಮೈದುನ ಟ್ರಾಲಿ ತುಂಬ ಭತ್ತದ ಚೀಲ ಹೇರಿಕೊಂಡು ನನ್ನ ಮನೆ ಮುಂದೆ ನಿಲ್ಲಿಸಿದ. ‘ಒಳಗ ಏನೋ ಕಟಕಟ ಅಂತೈತಿ ಅತ್ತಿಗಿ. ನಿಮಗ ಗೊತ್ತಾಗ್ತೈತಿ, ಒಂದೀಟು ಕೇಳ್ರಿ’ ಅಂದ.

ಕಿವಿಗೊಟ್ಟು ಕೇಳಿದೆ. ಒಳಗಿನ ಬೇರಿಂಗಿಗೆ ಆಯಿಲ್ ಹೋಗುತ್ತಿರಲಿಲ್ಲ. ಆ ಕ್ಷಣವೇ ಬಂದ್ ಮಾಡಿ ಬಿಚ್ಚಿದರೆ ಉಳಿಯುತ್ತಿತ್ತು. ಕಂಪ್ಲಿಯವರೆಗೆ ಆ ಭಾರ ಎಳೆದರೆ ಮತ್ತೆ ಕಚ್ಚಿಕೊಳ್ಳುತ್ತದೆ, ಈ ಸಲ ಯಾರು ಎಷ್ಟು ದಿನ ಡೀಸೆಲ್ ತುಂಬಿಸಿದರೂ ಬಿಡುವುದಿಲ್ಲ. ಇದನ್ನು ಇಲ್ಲಿಯವರೆಗೆ ನಾನು ಯಾರ ಮುಂದೆಯೂ ಹೇಳಿಲ್ಲ.

‘ಏನಿಲ್ಲಪ್ಪ, ಹಳೇ ಇಂಜಿನ್ನು, ಸದ್ದು ಮಾಡ್ತೈತಿ. ಓಡ್ಸು’ ಅಂದೆ.

ಅವನು ನಂಬಿ ಹೋದ. ನಾನು ಸೆರಗು ಸರಿಮಾಡಿಕೊಂಡು ಅಂಗನವಾಡಿಗೆ ನಡೆದು, ಮಕ್ಕಳನ್ನು ಸಾಲಾಗಿ ಕೂಡಿಸಿ ಉಪ್ಪಿಟ್ಟು ಬಡಿಸಿದೆ.