ಹೇಳಬಾರದ ಮಾತು, ಸುವರ್ಣಗೆಡ್ಡೆ ಸಾರು

ಇವತ್ತು ಕೆ.ಆರ್. ಪೇಟೆ ಮಾರುಕಟ್ಟೆಯಲ್ಲಿ ಸುವರ್ಣಗೆಡ್ಡೆ ಕುಯ್ಯುತ್ತಿದ್ದರು. ಆ ಹಸಿಮಣ್ಣಿನ ವಾಸನೆ ನನ್ನನ್ನು ಚಿನಕುರಳಿಯ ಅಜ್ಜಿಯ ಒಲೆಯ ಮುಂದೆ ಕೂರಿಸಿತು.

ಅಜ್ಜಿ ಕೈಗೆ ಎಣ್ಣೆ ಸವರಿಕೊಂಡು ಗೆಡ್ಡೆ ಹೆಚ್ಚುತ್ತಿದ್ದಳು. ಸಾರು ಉಂಡು ಮುಗಿಯುವವರೆಗೂ ಮನೆಯಲ್ಲಿ ಯಾರೂ 'ಕೆರೆತ' ಅನ್ನಬಾರದು. ಆ ಮಾತು ಆಡಿದರೆ ಗಂಟಲು ಕೆರೆಯುತ್ತದೆ ಎಂಬ ನಂಬಿಕೆ. ಹೆಸರೆತ್ತಲೂ ಹೆದರುವಂಥದ್ದನ್ನು ನುಂಗುವುದು ಹೇಗೆಂದು ನಾನು ಮುಟ್ಟುತ್ತಲೇ ಇರಲಿಲ್ಲ.

ಒಮ್ಮೆ ನನ್ನ ಸೋದರತ್ತೆಯನ್ನು ಹೊಸದಾಗಿ ಮದುವೆಯಾಗಿದ್ದ ನಾಗಮಂಗಲದ ಮಾವ ಊಟಕ್ಕೆ ಕೂತರು. ತಟ್ಟೆ ನೋಡಿ ಅಜ್ಜಿಗೆ, "ಗೆಡ್ಡೆ ಸಾರಾ? ಗಂಟ್ಲು ಕೆರೆಯಾಕಿಲ್ವಾ ಅತ್ತೆ?" ಎಂದುಬಿಟ್ಟರು.

ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಹೊಸ ಅಳಿಯನನ್ನು ಗದರುವಂತಿಲ್ಲ. ಅಜ್ಜಿ ಸಾರನ್ನೆಲ್ಲ ಒಳಗೆ ಒಯ್ದು, ಇನ್ನಷ್ಟು ಹುಣಸೆಹಣ್ಣು ಕಿವುಚಿ ಹಾಕಿ ಮತ್ತೆ ಕುದಿಸಿ ತಂದಳು. ಮೊದಲ ಹೋಳು ತಾನೇ ತಿಂದಳು. ನಾವೆಲ್ಲ ಅವಳ ಗಂಟಲನ್ನೇ ನೋಡಿದೆವು. ಏನೂ ಆಗಲಿಲ್ಲ.

ಕುತೂಹಲ ತಡೆಯದೆ ನಾನೂ ಒಂದು ಹೋಳು ಬಾಯಿಗಿಟ್ಟೆ. ಬೆಂದ ಮೊಟ್ಟೆಯ ಹಳದಿಯಷ್ಟು ಮೆದು, ಒಳಗೆಲ್ಲ ಹುಳಿ. ಇನ್ನೊಂದು ಸೌಟು ಹಾಕಿಸಿಕೊಂಡು ಕೇಳಿದೆ: "ಕೆರೆಯೋದು ಗೆಡ್ಡೆನೋ, ಮಾತೋ ಅಜ್ಜಿ?"

"ಎರಡ್ಕೂ ಸೇರ್ಸಿ ಹುಳಿ ಹಾಕಿವ್ನಿ. ಸುಮ್ಕೆ ಉಣ್ಣು."

ಇವತ್ತು ಗೆಡ್ಡೆಯ ಚೀಲ ಹಿಡಿದಿದ್ದ ಮಗಳು ದಾರಿಯಲ್ಲೇ ಕೇಳಿದಳು: "ಅಮ್ಮ, ಇದು ಕೆರೆಯುತ್ತಾ?"

ಮನೆಗೆ ಬಂದು ಹುಣಸೆಹಣ್ಣನ್ನು ಒಂದು ಹಿಡಿ ಹೆಚ್ಚಾಗಿಯೇ ನೆನೆಹಾಕಿದೆ.